ಕಡತದಲ್ಲಿ ಕಂಡ ಬೆಂಕಿ

ಪೆಟ್ರೋಲಿಗೆ ಮದ್ಯಸಾರವನ್ನು ಬೆರೆಸುವ ಕಾರ್ಯ ನಮ್ಮ ದೇಶದಲ್ಲಿ 2003ರಿಂದ ನಡೆದುಬಂದಿದೆ. ಬಹುಕಾಲ ಕುಂಟುತ್ತ ಸಾಗಿದ ಈ ಯೋಜನೆ 2022ರ ಜೂನ್ ತಿಂಗಳಿನಲ್ಲಿ ನೂರಕ್ಕೆ ಹತ್ತರ ಪ್ರಮಾಣವನ್ನು ಮುಟ್ಟಿತು. 2023ರ ಫೆಬ್ರವರಿ 6ರಂದು, ನೂರಕ್ಕೆ ಇಪ್ಪತ್ತರ ಬೆರಕೆಯಾದ ‘ಇ-20’ ಪೆಟ್ರೋಲನ್ನು ಪ್ರಧಾನಮಂತ್ರಿಗಳು ಬೆಂಗಳೂರಿನಲ್ಲಿಯೇ ಬಳಕೆಗೆ ಬಿಡುಗಡೆ ಮಾಡಿದರು. 2030ಕ್ಕೆಂದು ಮೊದಲು ಇಟ್ಟುಕೊಂಡಿದ್ದ ಗುರಿಯನ್ನು 2025ರಲ್ಲಿಯೇ ತಲುಪಿದ್ದಾಯಿತು. ಬೆರಕೆಯಿಲ್ಲದ ಪೆಟ್ರೋಲನ್ನೂ ಆಯ್ದುಕೊಳ್ಳುವ ಅವಕಾಶ ಗ್ರಾಹಕನಿಗಿರಬೇಕೆಂದು ಕೋರಿದ ಅರ್ಜಿಯೊಂದನ್ನು ಸರ್ವೋಚ್ಚ ನ್ಯಾಯಾಲಯ 2025ರ ಸೆಪ್ಟೆಂಬರ್ 1ರಂದು ತಳ್ಳಿಹಾಕಿತು. ಕಾನೂನಿನ ಮಟ್ಟಿಗೆ ವಿವಾದ ಅಲ್ಲಿಗೆ ನಿಂತಿತು; ಜನರ ಬಾಯಿಯಲ್ಲಿ ನಿಲ್ಲಲಿಲ್ಲ.

ನಮ್ಮ ಅರಸೀಕೆರೆಯ ಸೀಮೆಯಲ್ಲಿ ಈ ಮಾತು ಎರಡು ಬಗೆಯಾಗಿ ಕೇಳಿಬರುತ್ತದೆ. “ಗಾಡಿ ಮೊದಲಿನಷ್ಟು ಓಡುವುದಿಲ್ಲ, ಎಣ್ಣೆಗೆ ನೀರು ಬೆರೆಸುತ್ತಿದ್ದಾರೆ” ಎಂಬುದು ಒಂದು ಪಕ್ಷ. “ಪರದೇಶಕ್ಕೆ ಹೋಗುತ್ತಿದ್ದ ಹಣ ನಮ್ಮ ರೈತನ ಕೈ ಸೇರುತ್ತಿದೆ, ಇದಕ್ಕೆ ಗೊಣಗುವವನು ದೇಶದ ಹಿತ ಬಯಸುವವನಲ್ಲ” ಎಂಬುದು ಇನ್ನೊಂದು ಪಕ್ಷ. ಎರಡರಲ್ಲಿಯೂ ಅರ್ಧ ಸತ್ಯವಿದೆ. ಎರಡೂ ಪೂರ್ಣ ಸತ್ಯವಲ್ಲ. ಏಕೆಂದರೆ ಎರಡು ಪಕ್ಷದವರೂ ಲೆಕ್ಕ ಹಾಕುತ್ತಿರುವುದು ಲೀಟರಿನಲ್ಲಿ ಮತ್ತು ರೂಪಾಯಿಯಲ್ಲಿ. ಬೆಂಕಿಗೆ ಲೀಟರಿನ ಪರಿಚಯವಿಲ್ಲ, ರೂಪಾಯಿಯ ಪರಿಚಯವಂತೂ ಮೊದಲೇ ಇಲ್ಲ. ಅದಕ್ಕೆ ಗೊತ್ತಿರುವುದು ಶಾಖವೊಂದೇ.

ಕನ್ನಡ ಪಾಠ ಹೇಳುವವನಿಗೆ ರಸಾಯನ ಶಾಸ್ತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಪಂಪಭಾರತವನ್ನು ಸಂಪಾದಿಸಿಕೊಟ್ಟರು. ಅವರೇ 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಲು ಮುಂದಾದರು. ಅತ್ತಲಿಂದ ಅವರು ಇತ್ತ ಬರಬಹುದಾದರೆ, ಇತ್ತಲಿಂದ ನಾವು ಅತ್ತ ಒಂದೆರಡು ಹೆಜ್ಜೆ ಇಡುವುದು ಅಪರಾಧವಾಗಲಾರದು. ಅದೂ ಅಲ್ಲದೆ, ಲೆಕ್ಕವನ್ನೂ ಬೆಂಕಿಯನ್ನೂ ಒಟ್ಟಿಗೆ ನೋಡಬೇಕೆಂಬ ಪಾಠ ನನಗೆ ದೊರೆತದ್ದು ಸಾಹಿತ್ಯದ ಒಂದು ಐತಿಹ್ಯದಿಂದಲೇ.

ಆ ಐತಿಹ್ಯ ನಮ್ಮ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರತಕ್ಕದ್ದೇ. ರಗಳೆಯ ಕವಿ ಹರಿಹರನು ದೋರಸಮುದ್ರದಲ್ಲಿ, ಎಂದರೆ ಇಂದಿನ ಹಳೇಬೀಡಿನಲ್ಲಿ, ಹೊಯ್ಸಳ ದೊರೆ ನರಸಿಂಹ ಬಲ್ಲಾಳನ ಆಸ್ಥಾನದ ಕರಣಿಕನಾಗಿದ್ದನಂತೆ. ಒಂದು ದಿನ ಲೆಕ್ಕವನ್ನು ಒಪ್ಪಿಸುತ್ತಿದ್ದವನು ಇದ್ದಕ್ಕಿದ್ದಂತೆ ಕಡತವನ್ನು ಕೈಯಲ್ಲಿ ಹೊಸಕಿಬಿಟ್ಟನಂತೆ. ಏನೆಂದು ಕೇಳಿದರೆ, ಹಂಪೆಯ ವಿರೂಪಾಕ್ಷನ ಸನ್ನಿಧಿಯಲ್ಲಿ ತೆರೆಗೆ ಬೆಂಕಿ ಹತ್ತಿತ್ತು, ಅದನ್ನು ಆರಿಸಿದೆ ಎಂದನಂತೆ. ವಿಚಾರಿಸಲಾಗಿ ಅದು ನಿಜವೆಂದು ತಿಳಿದುಬಂತಂತೆ. ಭಕ್ತಿಯ ಮಹಿಮೆಯನ್ನು ಹೇಳುವುದು ಈ ಕಥೆಯ ಉದ್ದೇಶ. ಆದರೂ ಇದರಲ್ಲಿ ಇನ್ನೊಂದು ಮಾತು ಅಡಗಿದೆಯೆಂದು ನನಗೆ ತೋರುತ್ತದೆ: ಎಲ್ಲೋ ದೂರದಲ್ಲಿ ಉರಿಯುತ್ತಿರುವ ಬೆಂಕಿಯನ್ನು ತನ್ನ ಮುಂದಿನ ಕಡತದಲ್ಲಿ ಕಾಣಬಲ್ಲವನೇ ನಿಜವಾದ ಕರಣಿಕ. ಇಂಧನದ ಲೆಕ್ಕಕ್ಕೆ ಕುಳಿತವರಲ್ಲಿ ಬೇಕಾದ ಗುಣ ಇದೇ.

ಉರಿಯುವುದು ಎಂದರೇನು? ಯಾವ ವಸ್ತುವಿನಲ್ಲಿಯೂ ಪರಮಾಣುಗಳು ಒಂದಕ್ಕೊಂದು ಕಟ್ಟುಬಿದ್ದಿರುತ್ತವೆ. ಕಟ್ಟನ್ನು ಬಿಡಿಸಬೇಕಾದರೆ ಶಕ್ತಿಯನ್ನು ಕೊಡಬೇಕು. ಹೊಸ ಕಟ್ಟು ಬೀಳುವಾಗ ಶಕ್ತಿ ಹೊರಬರುತ್ತದೆ. ಸೌದೆಗೆ ಮೊದಲು ಕಡ್ಡಿ ಗೀರಿ ಕಾವು ಕೊಡಬೇಕಾದುದು ಬಿಡಿಸುವ ಕೂಲಿ. ಆಮೇಲೆ ಇಂಗಾಲವೂ ಜಲಜನಕವೂ ಗಾಳಿಯ ಆಮ್ಲಜನಕದೊಡನೆ ಹೊಸ ಸಂಬಂಧ ಬೆಳೆಸುವಾಗ ಬರುವ ಆದಾಯ ಆ ಕೂಲಿಗಿಂತ ಬಹಳ ದೊಡ್ಡದು. ಆ ಉಳಿತಾಯವೇ ಶಾಖ. ಹೀಗೆ ಶಾಖವನ್ನು ಹೊರಬಿಡುವ ಕ್ರಿಯೆಯನ್ನು ಬಹಿರುಷ್ಣಕವೆಂದೂ, ಹೀರಿಕೊಳ್ಳುವುದನ್ನು ಅಂತರುಷ್ಣಕವೆಂದೂ ನಮ್ಮ ಶಾಲಾ ಪುಸ್ತಕಗಳು ಹೇಳುತ್ತವೆ. ಬೆಂಕಿ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಎಂದೋ ಜಮೆಯಾಗಿದ್ದುದನ್ನು ಪಾವತಿ ಮಾಡುತ್ತದೆ. ಜಮೆ ಮಾಡಿದವನು ಸೂರ್ಯ. ಜಮೆ ಪಡೆದದ್ದು ಹಸುರೆಲೆ. ಪೆಟ್ರೋಲಿನಲ್ಲಿರುವುದು ಕೋಟ್ಯಂತರ ವರ್ಷಗಳ ಹಿಂದಿನ ಜಮೆ, ಮದ್ಯಸಾರದಲ್ಲಿರುವುದು ಹೋದ ವರ್ಷದ ಜಮೆ, ಅಷ್ಟೇ ವ್ಯತ್ಯಾಸ.

ಈಗ ಅಳತೆಗೆ ಬರೋಣ. ಶಾಖವನ್ನು ಜೂಲ್ ಎಂಬ ಮಾನದಿಂದ ಅಳೆಯುತ್ತಾರೆ. ಆ ಹೆಸರು ಎಲ್ಲರಿಗೂ ಬಳಕೆಯದಲ್ಲವಾದುದರಿಂದ, ಬಚ್ಚಲ ಮನೆಯ ಹಂಡೆಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಒಂದು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸುಮಾರು 314 ಕಿಲೋಜೂಲ್ ಶಾಖ ಬೇಕು. ಒಂದು ಲೀಟರು ಶುದ್ಧ ಪೆಟ್ರೋಲು ಪೂರ್ಣವಾಗಿ ಉರಿದರೆ ಸುಮಾರು 32,000 ಕಿಲೋಜೂಲ್ ಸಿಗುತ್ತದೆ. ಎಂದರೆ, ಚೂರೂ ಪೋಲಾಗದಿದ್ದರೆ ನೂರು ಲೀಟರಿನ ಹಂಡೆಯೊಂದನ್ನು ಅದು ಕುದಿಸೀತು. ಒಂದು ಲೀಟರು ಮದ್ಯಸಾರ ಕುದಿಸಬಲ್ಲದ್ದು 67 ಲೀಟರುಗಳನ್ನು ಮಾತ್ರ. ನೂರಕ್ಕೆ ಇಪ್ಪತ್ತರ ಬೆರಕೆ 93 ಲೀಟರುಗಳನ್ನೂ, ಹತ್ತರ ಬೆರಕೆ 97 ಲೀಟರುಗಳನ್ನೂ ಕುದಿಸುತ್ತವೆ.

ಮದ್ಯಸಾರಕ್ಕೆ ಈ ಬಡತನ ಏಕೆ? ಅದಕ್ಕೆ ನೀರು ಬೆರೆಸಿರುವುದರಿಂದಲ್ಲ. ಈಥೇನ್ ಎಂಬ ಅನಿಲದ ಒಂದು ಅಣುವಿನಲ್ಲಿ ಎರಡು ಇಂಗಾಲ, ಆರು ಜಲಜನಕದ ಪರಮಾಣುಗಳಿವೆ. ಮದ್ಯಸಾರದಲ್ಲಿಯೂ ಅಷ್ಟೇ ಇವೆ. ಜೊತೆಗೆ ಒಂದು ಆಮ್ಲಜನಕ ಸೇರಿಕೊಂಡಿದೆ. 30 ಗ್ರಾಂ ಈಥೇನ್ ಉರಿದರೆ 1,560 ಕಿಲೋಜೂಲ್ ಬರುತ್ತದೆ; ಅಷ್ಟೇ ಇಂಗಾಲ ಜಲಜನಕಗಳನ್ನುಳ್ಳ 46 ಗ್ರಾಂ ಮದ್ಯಸಾರ ಉರಿದರೆ 1,367 ಮಾತ್ರ. ಆಮ್ಲಜನಕದೊಡನೆ ಆಗಬೇಕಾದ ಮದುವೆಗಳಲ್ಲಿ ಒಂದು ಮೊದಲೇ ಆಗಿಹೋಗಿದೆ. ಅದರ ಶಾಖ ನಮ್ಮ ಕೈಗೆ ಬರುವುದಿಲ್ಲ, ಅದರ ತೂಕವನ್ನು ಮಾತ್ರ ನಾವು ಹೊರಬೇಕು. ಮದ್ಯಸಾರವು ಅಷ್ಟರಮಟ್ಟಿಗೆ ಆಗಲೇ ಉರಿದ ಇಂಧನ.

ಇದರ ಫಲವೇನೆಂಬುದನ್ನು ದಾರಿಯ ಅಳತೆಯಲ್ಲಿ ಹೇಳಬಹುದು. ಬೇಲೂರಿನಿಂದ ಹಳೇಬೀಡಿಗೆ ಸುಮಾರು 16 ಕಿಲೋಮೀಟರು. ಹತ್ತರ ಬೆರಕೆಯಲ್ಲಿ ಲೀಟರಿಗೆ 48 ಕಿಲೋಮೀಟರು ಓಡುತ್ತಿದ್ದ ಒಂದು ದ್ವಿಚಕ್ರ ವಾಹನ, ಒಂದು ಲೀಟರಿನಲ್ಲಿ ಹೋಗಿ, ಬಂದು, ಮತ್ತೊಮ್ಮೆ ಹೋಗುತ್ತಿತ್ತೆಂದು ಭಾವಿಸಿ. ಇಪ್ಪತ್ತರ ಬೆರಕೆಯಲ್ಲಿ ಶಾಖವೊಂದನ್ನೇ ಗಣಿಸಿದರೆ, ಆ ಮೂರನೆಯ ಪಯಣ ಹೊಯ್ಸಳೇಶ್ವರನ ಗುಡಿಗೆ ಎರಡು ಕಿಲೋಮೀಟರು ಇರುವಾಗಲೇ ನಿಲ್ಲುತ್ತದೆ. ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟಿನಲ್ಲಿ ಕೊಟ್ಟ ವಿವರಣೆಯಲ್ಲಿ, ಹೊಸ ಬೆರಕೆಗೆ ಹೊಂದಿಸಿದ ಕಾರುಗಳಲ್ಲಿ ನೂರಕ್ಕೆ ಒಂದೆರಡು, ಉಳಿದವುಗಳಲ್ಲಿ ಮೂರರಿಂದ ಆರರಷ್ಟು ಓಟ ಕುಗ್ಗಬಹುದೆಂದಿತ್ತು. ಬೆರಕೆಯಿಲ್ಲದ ಪೆಟ್ರೋಲಿಗೆಂದು ರೂಪಿಸಿದ ಕಾರುಗಳಲ್ಲಿ ಆರೇಳರಷ್ಟು, ದ್ವಿಚಕ್ರಗಳಲ್ಲಿ ಮೂರು ನಾಲ್ಕರಷ್ಟು ಕುಗ್ಗುವುದೆಂದು ನೀತಿ ಆಯೋಗದ 2021ರ ವರದಿ ಹೇಳಿತ್ತು. ಹಂಡೆಯ ಲೆಕ್ಕ ಇವುಗಳಿಂದ ಬಹಳ ದೂರವಿಲ್ಲ. ಆದುದರಿಂದ ಓಟ ಕುಗ್ಗಿತೆನ್ನುವವನು ಸುಳ್ಳುಗಾರನಲ್ಲ. ಮೋಸದ ಬೆರಕೆಯೆನ್ನುವವನು ಮಾತ್ರ ರಸಾಯನ ಶಾಸ್ತ್ರದ ತಪ್ಪನ್ನು ಬಂಕಿನವನ ತಲೆಗೆ ಕಟ್ಟುತ್ತಿದ್ದಾನೆ.

ಮದ್ಯಸಾರದ ಪರವಾಗಿ ಹೇಳಬೇಕಾದುದನ್ನೂ ಹೇಳದಿದ್ದರೆ ನ್ಯಾಯವಾಗದು. ಎಂಜಿನ್ನಿನೊಳಗೆ ಹೆಚ್ಚು ಒತ್ತಡಕ್ಕೆ ಸಿಕ್ಕಿದರೂ ಅಕಾಲದಲ್ಲಿ ಸಿಡಿಯದಿರುವ ಗುಣ ಅದಕ್ಕೆ ಪೆಟ್ರೋಲಿಗಿಂತ ಹೆಚ್ಚಾಗಿದೆ. ಆ ಗುಣಕ್ಕೆ ತಕ್ಕಂತೆ ಕಟ್ಟಿದ ಎಂಜಿನ್ನು ಕಳೆದುಕೊಂಡುದರಲ್ಲಿ ಒಂದು ಪಾಲನ್ನು ಮರಳಿ ಪಡೆಯಬಲ್ಲದು. ಇನ್ನು ಹುಳಿಯುವ ಕ್ರಿಯೆಯಂತೂ ವಿಸ್ಮಯದ್ದು. 180 ಗ್ರಾಂ ಗ್ಲೂಕೋಸು ಹುಳಿತರೆ 92 ಗ್ರಾಂ ಮದ್ಯಸಾರವಾಗುತ್ತದೆ. ಉಳಿದುದು ಇಂಗಾಲಾಮ್ಲವಾಗಿ ಗಾಳಿಗೆ ಹೋಗುತ್ತದೆ. ತೂಕ ಅರ್ಧವಾಯಿತು, ಆದರೆ ಸಕ್ಕರೆಯಲ್ಲಿದ್ದ ಶಾಖದಲ್ಲಿ ನೂರಕ್ಕೆ 97ರಷ್ಟು ಆ ಅರ್ಧ ತೂಕದಲ್ಲಿಯೇ ಉಳಿಯುತ್ತದೆ. ಕಣ್ಣಿಗೆ ಕಾಣದ ಯೀಸ್ಟಿನಷ್ಟು ಪ್ರಾಮಾಣಿಕ ಕರಣಿಕರು ನಮ್ಮಲ್ಲಿ ಎಷ್ಟು ಮಂದಿ? ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲನ್ನು ಹೊರಗಿನಿಂದ ತರಿಸಿಕೊಳ್ಳುವ ದೇಶ, ತನ್ನ ಹೊಲದಲ್ಲಿ ಬಿದ್ದ ಬಿಸಿಲನ್ನು ತಾನೇ ಉರಿಸಿಕೊಳ್ಳಲು ಹವಣಿಸುವುದು ತಪ್ಪೆನ್ನಲಾಗದು.

ಆದರೆ ಲೆಕ್ಕ ಯೀಸ್ಟಿನ ತೊಟ್ಟಿಯಲ್ಲಿ ಮುಗಿಯುವುದಿಲ್ಲ. ಹುಳಿತ ರಸದಲ್ಲಿ ಹೆಚ್ಚಿನ ಭಾಗ ನೀರೇ. ಅದರಿಂದ ಮದ್ಯಸಾರವನ್ನು ಬೇರ್ಪಡಿಸಲು ಮತ್ತೆ ಮತ್ತೆ ಕಾಯಿಸಿ ಭಟ್ಟಿಯಿಳಿಸಬೇಕು. ಇಲ್ಲಿಂದ ಎರಡನೆಯ ಬೆಂಕಿಯ ಕಥೆ ಮೊದಲಾಗುತ್ತದೆ. ಕಬ್ಬಿನ ಕಾರ್ಖಾನೆಗೆ ತನ್ನದೇ ಸಿಪ್ಪೆಯ ಇಂಧನವಿದೆ. ಆದರೆ ಕಬ್ಬು ನೀರಿನ ಬೆಳೆ. ಸಕ್ಕರೆಯ ಮೂಲದ ಒಂದು ಲೀಟರು ಮದ್ಯಸಾರಕ್ಕೆ ಸುಮಾರು 2,860 ಲೀಟರು ನೀರು ಬೇಕೆಂದು ನೀತಿ ಆಯೋಗದ ಅದೇ ವರದಿ ಲೆಕ್ಕ ಹಾಕಿತ್ತು. ಮುಸುಕಿನ ಜೋಳಕ್ಕೆ ಅಷ್ಟು ನೀರು ಬೇಡ. ಆದರೆ ಅದರ ಕಾಳು ಭಟ್ಟಿಗೆ ಬರುವಾಗ ಸಿಪ್ಪೆಯ ಇಂಧನವನ್ನು ಬೆನ್ನಿಗೆ ಕಟ್ಟಿಕೊಂಡು ಬರುವುದಿಲ್ಲ. ಅಲ್ಲಿ ಹೊಟ್ಟನ್ನೋ ಕಲ್ಲಿದ್ದಲನ್ನೋ ಉರಿಸಬೇಕು. ಬಂಕಿನಲ್ಲಿ ‘ಹಸುರು’ ಎನಿಸಿಕೊಂಡ ಲೀಟರಿನ ಹಿಂದೆ ಹೀಗೊಂದು ಕಪ್ಪು ಹೊಗೆ ಇದ್ದೀತೆಂಬುದನ್ನು ಕಡತ ಬರೆಯುವವರು ಮರೆಯಬಾರದು.

ರೂಪಾಯಿಯ ಲೆಕ್ಕವೂ ಇದರೊಡನೆ ಹೆಣೆದುಕೊಂಡಿದೆ. 2025ರ ಜುಲೈ ಅಂತ್ಯದ ವೇಳೆಗೆ ಎಣ್ಣೆ ಕಂಪನಿಗಳು ಮದ್ಯಸಾರಕ್ಕೆ ಸಾಗಣೆ, ತೆರಿಗೆಗಳೂ ಸೇರಿ ಲೀಟರಿಗೆ ಸರಾಸರಿ 71 ರೂಪಾಯಿಗೂ ಸ್ವಲ್ಪ ಮೇಲೆ ತೆರುತ್ತಿದ್ದುವೆಂದೂ, ಅದು ಶುದ್ಧೀಕರಿಸಿದ ಪೆಟ್ರೋಲಿನ ವೆಚ್ಚಕ್ಕಿಂತ ಹೆಚ್ಚೆಂದೂ ಸಚಿವಾಲಯವೇ ತಿಳಿಸಿತು. 67 ಲೀಟರು ನೀರು ಕುದಿಸುವ ವಸ್ತುವಿಗೆ, 100 ಲೀಟರು ಕುದಿಸುವ ವಸ್ತುವಿಗಿಂತ ಹೆಚ್ಚು ಬೆಲೆ! ಇದನ್ನು ಮೂರ್ಖತನವೆಂದು ಹೀಗಳೆಯುವುದು ಸುಲಭ. ಆ ಹೆಚ್ಚಿನ ಹಣ ರೈತನಿಗೆ ಸಲ್ಲುವ ಕಾಣಿಕೆಯೆಂದಾದರೆ, ಅದನ್ನು ಕೊಡಲು ಒಪ್ಪುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ನಾನೂ ಒಬ್ಬ. ಆದರೆ ಸಲ್ಲಿತೇ?

ರಾಗಿಗೂ ಆಲೂಗಡ್ಡೆಗೂ ಹೆಸರಾದ ಹಾಸನ ಜಿಲ್ಲೆಯ ಮಳೆಯಾಶ್ರಿತ ಹೊಲಗಳಲ್ಲಿ ಮುಸುಕಿನ ಜೋಳ ಇಂದು ವ್ಯಾಪಿಸಿಕೊಂಡಿದೆ. 2025ರ ಸಾಲಿಗೆ ಕೇಂದ್ರ ಸರಕಾರ ಘೋಷಿಸಿದ್ದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂ. ಆ ವರ್ಷದ ನವೆಂಬರಿನಲ್ಲಿ ಕರ್ನಾಟಕದ ಮಾರುಕಟ್ಟೆಗಳಲ್ಲಿ ಜೋಳ 1,600ರಿಂದ 1,800ರ ಆಸುಪಾಸಿಗೆ ಇಳಿಯಿತು. ರೈತರು ಬೀದಿಗೆ ಬಂದರು. ಮುಖ್ಯಮಂತ್ರಿಗಳು ಪ್ರಧಾನಮಂತ್ರಿಗಳಿಗೆ ಪತ್ರ ಬರೆದರು. ಬೆರಕೆಯ ಗುರಿ ಮುಟ್ಟಿದ ವರ್ಷವೇ, ಬೆರಕೆಗೆ ಕಾಳು ಕೊಡುವ ಬೆಳೆಯ ಬೆಲೆ ಕುಸಿದುದು ವಿಧಿಯ ವಿನೋದವಲ್ಲ, ಲೆಕ್ಕದ ಬಿರುಕು. ಸವಾರನ ಎರಡು ಕಿಲೋಮೀಟರು ಹೋಯಿತು. ಅದು ರೈತನ ಮನೆಗೆ ಬಂದಿದ್ದರೆ ಯಾರೂ ಅಳಬೇಕಾಗಿರಲಿಲ್ಲ. ಇವನಿಂದ ಹೊರಟದ್ದು ಅವನನ್ನು ಮುಟ್ಟದೆ ನಡುವೆ ಎಲ್ಲಿ ನಿಂತಿತೆಂಬುದೇ ಇಂದು ಕೇಳಬೇಕಾದ ಪ್ರಶ್ನೆ. ಬೆರಕೆ ಬೇಕೋ ಬೇಡವೋ ಎಂಬುದು ಆಮೇಲಿನ ಮಾತು.

ಬೀದಿಯ ಬೆಂಕಿಯನ್ನು ಬಿಟ್ಟು ಮನೆಯ ಬೆಂಕಿಗೆ ಬಂದರೂ ಇದೇ ಶಾಸ್ತ್ರ. ಅರಸೀಕೆರೆ ತೆಂಗಿನ ಸೀಮೆ. ಇಲ್ಲಿ ಅಡಿಗೆ ಮನೆಗೆ ಅನಿಲದ ಸಿಲಿಂಡರು ಬಂದಿದ್ದರೂ, ಬಚ್ಚಲ ಒಲೆಯಲ್ಲಿ ಮಟ್ಟೆ, ಸೋಗೆ, ಕರಟಗಳು ಉರಿಯುವುದು ಎಷ್ಟೋ ಮನೆಗಳಲ್ಲಿ ತಪ್ಪಿಲ್ಲ. ಪುಕ್ಕಟೆ ಸಿಕ್ಕುವ ಉರುವಲೆಂದು ನಾವು ಭಾವಿಸುತ್ತೇವೆ. ಹೊಗೆ ಬೇರೆ ಲೆಕ್ಕ ಹೇಳುತ್ತದೆ. 12 ಗ್ರಾಂ ಇಂಗಾಲ ಪೂರ್ತಿಯಾಗಿ ಉರಿದು ಇಂಗಾಲದ ಡೈಆಕ್ಸೈಡ್ ಆದರೆ 393 ಕಿಲೋಜೂಲ್ ಸಿಗುತ್ತದೆ. ಗಾಳಿ ಸಾಲದೆ ಅರೆಬೆಂದು ಇಂಗಾಲದ ಮಾನಾಕ್ಸೈಡ್ ಆಗಿ ನಿಂತರೆ ಸಿಗುವುದು 110 ಮಾತ್ರ. ಉಳಿದುದು ವಿಷವಾಗಿ, ಮಸಿಯಾಗಿ, ಒಲೆಯ ಮುಂದೆ ಕುಳಿತ ಹೆಂಗಸಿನ ಎದೆಗೂಡನ್ನು ಸೇರುತ್ತದೆ. ಹೊಗೆಯೆಂದರೆ ಮುಗಿಯದ ಬೆಂಕಿ. ಆ ಬಾಕಿಯನ್ನು ಅವಳ ಶ್ವಾಸಕೋಶ ತೆರುತ್ತದೆ.

ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ನೂರರಲ್ಲಿ ಹತ್ತು ಪಾಲು ಪಾತ್ರೆಗೆ ಸೇರಿದರೆ ಹೆಚ್ಚು. 14.2 ಕಿಲೋಗ್ರಾಂ ಅನಿಲದ ಒಂದು ಸಿಲಿಂಡರು, ಅನಿಲದ ಒಲೆಯ ಮೇಲೆ ಪಾತ್ರೆಗೆ ಮುಟ್ಟಿಸುವ ಶಾಖವನ್ನು ಅಂಥ ಒಲೆಯಿಂದ ಪಡೆಯಬೇಕಾದರೆ ಸುಮಾರು 260 ಕಿಲೋಗ್ರಾಂ ಸೌದೆ ಬೇಕೆಂದು ಲೆಕ್ಕ ಹಾಕಿದರೆ ಸಿಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಕೇಂದ್ರದವರು, ಗಾಳಿಯ ದಾರಿಯನ್ನೂ ಹೊಗೆಕೊಳವೆಯನ್ನೂ ಸರಿಪಡಿಸಿದ ಮಣ್ಣಿನ ಒಲೆಯಲ್ಲಿ ಆ ಹತ್ತನ್ನು ಮೂವತ್ತರಾಚೆಗೆ ಏರಿಸಬಹುದೆಂದು ತೋರಿಸಿಕೊಟ್ಟರು. ಅದೇ ಸೌದೆ, ಅದೇ ರಸಾಯನ ಕ್ರಿಯೆ. ಬದಲಾದುದು ಬೆಂಕಿಯನ್ನು ಮುಗಿಯಗೊಡಿಸುವ ಕ್ರಮ ಮಾತ್ರ. ಅನಿಲವನ್ನು ಹೊಗಳುವಾಗಲೂ ಒಂದು ಮಾತು ನೆನಪಿರಲಿ: ದೇಶದಲ್ಲಿ ಉರಿಯುವ ಅಡಿಗೆ ಅನಿಲದಲ್ಲಿ ಸುಮಾರು ನೂರಕ್ಕೆ ಅರವತ್ತು ಪಾಲು ಹಡಗಿನಲ್ಲಿ ಬಂದದ್ದು. ಬಚ್ಚಲ ಒಲೆಯನ್ನು ಪೂರ್ತಿ ಮರೆಯುವುದಕ್ಕಿಂತ ಅದನ್ನು ತಿದ್ದಿಕೊಳ್ಳುವುದು ಜಾಣತನ.

ವಿದ್ಯುತ್ತು ಬಂದರೆ ಬೆಂಕಿಯ ತಂಟೆಯೇ ಇಲ್ಲವೆಂದು ಕೆಲವರು ಭಾವಿಸುವುದುಂಟು. ಅರಸೀಕೆರೆ ಜಂಕ್ಷನ್ನಿನಲ್ಲಿ ಒಂದು ಕಾಲಕ್ಕೆ ಉಗಿಬಂಡಿಗಳು ಕಲ್ಲಿದ್ದಲ ಹೊಗೆಯುಗುಳುತ್ತ ನಿಲ್ಲುತ್ತಿದ್ದುವು. 2023ರ ಜೂನ್ 27ರಿಂದ ಬೆಂಗಳೂರು ಧಾರವಾಡಗಳ ನಡುವೆ ಓಡುತ್ತಿರುವ ವಂದೇ ಭಾರತ್ ಗಾಡಿ ಹೊಗೆಯ ಎಳೆಯೂ ಇಲ್ಲದೆ ಅದೇ ಊರನ್ನು ಹಾದುಹೋಗುತ್ತದೆ. ಬೆಂಕಿ ಆರಿಲ್ಲ, ಸ್ಥಳ ಬದಲಿಸಿದೆ. ರಾಯಚೂರಿನ 1,720 ಮೆಗಾವಾಟಿನ ಉಷ್ಣಸ್ಥಾವರದ ಕುಲುಮೆಗಳು ಆ ತಂತಿಯ ಇನ್ನೊಂದು ತುದಿಯಲ್ಲಿವೆ. ಉಗಿಬಂಡಿ ಕಲ್ಲಿದ್ದಲ ಶಾಖದ ಹತ್ತನೆಯ ಒಂದು ಪಾಲನ್ನೂ ಚಕ್ರಕ್ಕೆ ತಲುಪಿಸುತ್ತಿರಲಿಲ್ಲವಾದ್ದರಿಂದ ಇದು ದೊಡ್ಡ ಲಾಭವೇ ಸರಿ. ತಂತಿಯಲ್ಲಿ ಶರಾವತಿಯ ನೀರಿನ ಪಾಲೂ, ಬಿಸಿಲಿನ, ಗಾಳಿಯ ಪಾಲೂ ಇದೆ. ಆದರೂ ಕರಣಿಕ ಹರಿಹರನಂತೆ ದೂರದ ಬೆಂಕಿ ಕಾಣದವನಿಗೆ ಲಾಭದ ಅಳತೆಯೂ ಸಿಗಲಾರದು.

ನಮ್ಮ ಜಿಲ್ಲೆಯಲ್ಲಿಯೇ ಇನ್ನೊಂದು ಪ್ರಯೋಗ ನಡೆದಿದೆ. ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ 2007ರಲ್ಲಿ ಜೈವಿಕ ಇಂಧನ ಉದ್ಯಾನವೊಂದು ಮೊದಲಾಯಿತು. ಅನ್ನ ಬೆಳೆಯುವ ನೆಲವನ್ನು ಇಂಧನಕ್ಕೆ ಕೊಡಬೇಡಿ. ಬದುವಿನ ಮೇಲೆ, ಬೇಲಿಯಲ್ಲಿ, ಪಾಳು ನೆಲದಲ್ಲಿ ಹೊಂಗೆ, ಬೇವು, ಹಿಪ್ಪೆಗಳನ್ನು ಬೆಳೆಸಿ ಎಂಬುದು ಅದರ ಉಪದೇಶ. ಹೊಂಗೆಯ ಬೀಜದಲ್ಲಿ ಸುಮಾರು ಮೂರನೆಯ ಒಂದು ಪಾಲು ಎಣ್ಣೆ. ಕಿಲೋಗ್ರಾಮಿಗೆ ಅದರ ಶಾಖ ಡೀಸೆಲಿಗಿಂತ ಸ್ವಲ್ಪ ಕಡಮೆ, ಮದ್ಯಸಾರಕ್ಕಿಂತ ಹೆಚ್ಚು. ಎಣ್ಣೆ ತೆಗೆದು ಉಳಿದ ಹಿಂಡಿ ಸಾರಜನಕ ತುಂಬಿದ ಗೊಬ್ಬರವಾಗಿ ಹೊಲಕ್ಕೇ ಮರಳುತ್ತದೆ. 1900ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಿಂದಲೇ ಓಡಿತ್ತೆಂಬುದನ್ನು ನೆನೆದರೆ ಇದು ಹೊಸ ಕನಸೂ ಅಲ್ಲ. ಆದರೆ 2018ರ ರಾಷ್ಟ್ರೀಯ ನೀತಿ ಡೀಸೆಲಿಗೆ ಜೈವಿಕ ಎಣ್ಣೆಯನ್ನು 2030ರೊಳಗೆ ನೂರಕ್ಕೆ ಐದರಷ್ಟು ಬೆರೆಸಬೇಕೆಂದಿದ್ದರೂ, ಬೆರೆತುದು ನೂರಕ್ಕೆ ಒಂದಕ್ಕಿಂತಲೂ ಕಡಮೆ. ಕಾರ್ಖಾನೆಯ ಗೇಟಿನಲ್ಲಿ ತೂಗುವ ಕಬ್ಬು, ಜೋಳಗಳಿಗೆ ದೊರೆತ ರಾಜಮರ್ಯಾದೆ, ಬೇಸಿಗೆಯ ಬಿಸಿಲಿನಲ್ಲಿ ಮುದುಕಿಯೊಬ್ಬಳು ಮಡಿಲಲ್ಲಿ ಆಯ್ದುತರುವ ಹೊಂಗೆಯ ಬೀಜಕ್ಕೆ ದೊರೆಯಲಿಲ್ಲ.

ಹೊಯ್ಸಳರ ಕಾಲದ ದಾನಶಾಸನಗಳನ್ನು ಓದುವಾಗ ನನಗೆ ಒಂದು ಸಂಗತಿ ಮತ್ತೆ ಮತ್ತೆ ಮನಸ್ಸಿಗೆ ಬರುತ್ತದೆ. ದೇವರ ನಂದಾದೀವಿಗೆಗೆ ಎಣ್ಣೆ ಬಿಡುವಾಗ ನಮ್ಮ ಹಿರಿಯರು ದೀಪ ಉರಿಯಲಿ ಎಂದಷ್ಟೇ ಬರೆದು ಸುಮ್ಮನಾಗುತ್ತಿರಲಿಲ್ಲ. ಯಾವ ಗಾಣದಿಂದ, ಎಷ್ಟು ಸೊಲ್ಲಗೆ, ಯಾರು ಸಲ್ಲಿಸತಕ್ಕದ್ದು, ಯಾವ ಭೂಮಿಯ ಹುಟ್ಟುವಳಿಯಿಂದ ಎಂಬುದನ್ನು ಕಲ್ಲಿನಲ್ಲಿ ಕೊರೆಸುತ್ತಿದ್ದರು. ಬೆಳಕನ್ನು ನೋಡುವವನಿಗೆ ಅದರ ಹಿಂದಿನ ಗಾಣವೂ ಹೊಲವೂ ಕಾಣುತ್ತಿದ್ದುವು. ಬೇಲೂರು ಹಳೇಬೀಡುಗಳ ಶಿಲ್ಪವನ್ನು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ; ಈ ಲೆಕ್ಕದ ಶಿಲ್ಪವೂ ಪರಂಪರೆಯೇ ಅಲ್ಲವೇ?

ಇಂದಿನ ಬಂಕಿನ ಫಲಕದಲ್ಲಿ ಇರುವುದು ಬೆಲೆಯೊಂದೇ. ಅದರ ಕೆಳಗೆ ಇನ್ನೆರಡು ಸಾಲು ಬರೆಯಲಿ: ಈ ಲೀಟರಿನಲ್ಲಿ ಎಷ್ಟು ಶಾಖವಿದೆ, ಇದರೊಳಗಿನ ಮದ್ಯಸಾರಕ್ಕೆ ತೆತ್ತ ಬೆಲೆಯಲ್ಲಿ ಬೆಳೆದವನಿಗೆ ಎಷ್ಟು ಮುಟ್ಟಿತು. ಮೊದಲನೆಯದನ್ನು ಯಾವ ಕಾಲೇಜಿನ ಪ್ರಯೋಗಶಾಲೆಯಲ್ಲಿಯಾದರೂ ಅಳೆಯಬಹುದು. ಎರಡನೆಯದನ್ನು ಅಳೆಯಲು ಉಪಕರಣ ಬೇಕಿಲ್ಲ, ಮನಸ್ಸು ಬೇಕು. ಆ ಎರಡು ಸಾಲುಗಳನ್ನು ಓದಿದ ಮೇಲೆ, ಕಡಮೆ ಓಡುವ ಲೀಟರಿಗೆ ಹೆಚ್ಚು ಬೆಲೆ ಕೊಡಲು ಜನ ಒಪ್ಪಿದರೆ ಅದು ಅವರ ಔದಾರ್ಯ. ಒಪ್ಪದಿದ್ದರೆ ಅದು ಅವರ ಹಕ್ಕು. ಓದಲು ಏನೂ ಇಲ್ಲದಿರುವಾಗ ಉಳಿಯುವುದು ಗೊಣಗಾಟ ಮಾತ್ರ.